ಬರ್ತೀನಿ ಅನ್ನಬಾರದ ಹಳಿ

ನಮ್ಮೂರಿನಲ್ಲಿ ಯಾರ ಮನೆಯಿಂದಲಾದರೂ ಎದ್ದು ಹೊರಡುವಾಗ "ಬರ್ತೀನಿ" ಎನ್ನುವುದಕ್ಕೆ ಏನೂ ಅಡ್ಡಿಯಿಲ್ಲ, ಪಕ್ಕದ ಬೀದಿಗೆ ಹೋಗುವುದಾದರೆ. ಹಳೇ ರೈಲು ಹಳಿಯ ಮೇಲೆ ನಡೆದು ಕಾಡಿನೊಳಕ್ಕೆ ಹೋಗುವುದಾದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳಬೇಕು. "ಬರ್ತೀನಿ" ಎಂದು ಹೊರಟವರನ್ನು ಹಳಿ ಆಚೆಗೆ ಬಿಡುವುದಿಲ್ಲ, ಆಚೆಗೆ ಬೇರೆ ದಾರಿಯೂ ಇಲ್ಲ. ಕೊನೆಯ ಸುರಂಗದೊಳಗೆ ನೆಟ್ಟಗೆ ನಡೆದವರು, ಎಲ್ಲೂ ತಿರುಗದೆ, ಒಳಹೊಕ್ಕ ಬಾಯಿಂದಲೇ ಹೊರಗೆ ಬರುತ್ತಾರೆ. "ಹೋಗ್ತೀನಿ" ಎಂದವರು ಆಚೆ ಊರು ಸೇರುತ್ತಾರೆ, ಮತ್ತೆ ಬರುವುದಿಲ್ಲ. ರೈಲು ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು "ಹೋಗ್ತೀನಿ ಅನ್ಬಾರ್ದು ಕಣೇ, ಬರ್ತೀನಿ ಅನ್ನು" ಎಂದು ತಲೆಗೆ ಮೊಟಕಿ ಮೊಟಕಿ ನಮ್ಮನ್ನು ಬೆಳೆಸಿದ್ದರು. ರೈಲು ನಿಂತ ಮೇಲೆ ನಾಲಿಗೆಯನ್ನು ಹೊಸದಾಗಿ ಪಳಗಿಸಬೇಕಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನಾಲಿಗೆಯ ಗುಣವಂತೂ ಅದಕ್ಕಿಂತ ಮೊಂಡು.

ಯಾಕೆ ಹೀಗೆ ಎಂದು ಕೇಳುವವರು ಈಗ ಊರಲ್ಲಿ ಯಾರೂ ಇಲ್ಲ. ಕೇಳುತ್ತಿದ್ದ ಬುದ್ಧಿವಂತರೆಲ್ಲ "ಹೋಗ್ತೀನಿ" ಎಂದು ಹೊರಟುಹೋದರು. ಉಳಿದ ನಮಗೆಲ್ಲ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕಾಯುವವರಿದ್ದಾರೆ. ಅದೇ ತೊಂದರೆ.

ನನ್ನ ಹೆಸರು ಗಂಗಮ್ಮ. ನಮ್ಮಪ್ಪ ಈ ಹಳಿಯ ರಿಪೇರಿ ನೋಡುವ ಗ್ಯಾಂಗ್‌ಮನ್ ಆಗಿದ್ದವರು. ಅವರು ತೀರಿಕೊಂಡರೂ, ರೈಲು ನಿಂತರೂ, ನಾವು ಕ್ವಾರ್ಟರ್ಸು ಬಿಡಲಿಲ್ಲ. ಬಿಡಿಸಲು ಯಾರೂ ಬರಲೂ ಇಲ್ಲ. ನಾನು ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಟೀ, ಚಿತ್ರಾನ್ನ ಮಾಡಿ ಮಾರುತ್ತೇನೆ. ರೈಲೇ ಬರದ ಸ್ಟೇಷನ್ನಿನಲ್ಲಿ ಯಾವನು ಟೀ ಕುಡಿಯುತ್ತಾನೆ ಎಂದು ನೀವು ಕೇಳಬಹುದು. ಬೆಳಗಾದರೆ ಇಡೀ ಊರು ಪ್ಲಾಟ್‌ಫಾರಮ್ಮಿನಲ್ಲೇ ಕೂತಿರುತ್ತದೆ. ಕಾಯುವುದು ಒಂದು ಚಟ, ಬಿಡಿಸುವುದು ಕಷ್ಟ. ನನ್ನ ತಂಗಿ ನಾಗವೇಣಿ ಟೈಲರು. ಹಳೇ ಬೋಗಿಗಳ ಪರದೆ, ಗಾರ್ಡುಗಳ ಹಸಿರು ಬಾವುಟ, ಎಲ್ಲವನ್ನೂ ಅವಳು ರವಿಕೆ ಮಾಡಿದ್ದಾಳೆ. ನಮ್ಮೂರ ಹೆಂಗಸರ ಬೆನ್ನು ನೋಡಿದರೆ ರೈಲಿಗೆ ಅಪ್ಪಣೆ ಕೊಟ್ಟ ಹಾಗಿರುತ್ತದೆ. ನಾನು ಮದುವೆಯಾಗಿ ಗಂಡನನ್ನು ಕಳೆದುಕೊಂಡವಳು, ಅವಳು ಮದುವೆಯ ಗೊಡವೆಗೇ ಹೋಗದವಳು. ನಮ್ಮಿಬ್ಬರ ನಡುವೆ ಅವ್ವ. ಅವ್ವನಿಗೆ ಕೆಲವು ವರ್ಷದಿಂದ ನೆನಪು ನಿಲ್ಲುವುದಿಲ್ಲ. ನನ್ನನ್ನು ಒಂದು ದಿನ ಮಗಳು ಎನ್ನುತ್ತಾಳೆ, ಇನ್ನೊಂದು ದಿನ "ಯಾರಮ್ಮ ನೀನು, ಕ್ಯಾಂಟೀನ್ನೋಳಾ?" ಎನ್ನುತ್ತಾಳೆ. ವೇಣಿಯನ್ನು ಮಾತ್ರ ಒಂದು ದಿನವೂ ಮರೆತವಳಲ್ಲ. ಇದರಿಂದ ನನಗೆ ನೋವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಳೆದ ಚಳಿಗಾಲದಲ್ಲಿ ವೇಣಿ ಮಿಷನ್ನು ತುಳಿಯುತ್ತ ತುಳಿಯುತ್ತ ನಿಲ್ಲಿಸಿ ಬಾಯಿ ತೆರೆದುಕೊಂಡು ಉಸಿರಾಡಲು ಶುರುಮಾಡಿದಳು. ಕಾಲು ಊದಿಕೊಂಡವು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ರೈಲ್ವೆ ಆಸ್ಪತ್ರೆಯ ಡಾಕ್ಟರು ಸುಂದರೇಶಯ್ಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

"ಹೃದಯದಲ್ಲಿ ಒಂದು ಕವಾಟ ಇರುತ್ತೆ ಗಂಗಮ್ಮ, ಬಾಗ್ಲು ಇದ್ದ ಹಾಗೆ. ಅದು ಸರಿಯಾಗಿ ಮುಚ್ಕೊಳ್ತಾ ಇಲ್ಲ. ನನ್ನ ಹತ್ರ ಇರೋದು ಹತ್ತಿ, ಟಿಂಚರ್ರು. ಆಚೆ ಹೋದ್ರೆ ಆಪರೇಷನ್ ಮಾಡ್ತಾರೆ."

"ಮಾಡಿಸ್ಕೊಂಡು ವಾಪಸ್ ಬರೋ ಹಂಗಿದ್ರೆ ಎಷ್ಟು ಚೆನ್ನಾಗಿತ್ತು," ಎಂದೆ.

"ಬಂದ್ರೂ ಉಳಿಯಲ್ಲಮ್ಮ. ಆಪರೇಷನ್ ಆದ್ಮೇಲೂ ಜೀವ ಇರೋ ತನಕ ಮಾತ್ರೆ ನುಂಗ್ತಿರಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸ್ತಿರಬೇಕು. ಇಲ್ಲಿ ಎಲ್ಲಿಂದ ತರ್ತೀರಿ? ನಡೆಯೋಕೆ ಆಗೋವಾಗ್ಲೇ ಕಳಿಸ್ಬಿಡಿ. ಬೇಸಿಗೆ ಕಳೆದ್ರೆ ಸುರಂಗದ ತನಕ ನಡೆಯೋ ಶಕ್ತಿ ಇರಲ್ಲ."

ವೇಣಿ ಸೆರಗು ಸರಿಮಾಡಿಕೊಂಡಳು. ಹೊರಗೆ ಬಂದ ಮೇಲೆ, "ಅವ್ವನ್ನ ಯಾರು ನೋಡ್ಕೊಳ್ತಾರೆ?" ಎಂದಳು. "ನಾನೇನು ಸತ್ತೋಗಿದೀನಾ?" ಎಂದು ಗದರಿದೆ. ನನಗೆ ಅಳು ಬರುವಂತಿದ್ದರೆ ಸಿಟ್ಟು ಬರುತ್ತದೆ, ಅದು ನನ್ನ ಸ್ವಭಾವ.

ಮೊದಲ ಸಲ ಹೊರಟಾಗ ಪಕ್ಕದ ಕ್ವಾರ್ಟರ್ಸಿನ ಖೈರುನ್ನಿಸಾಳನ್ನು ಅವ್ವನ ಹತ್ತಿರ ಕೂರಿಸಿದೆವು. ಖೈರಮ್ಮ ಒಳ್ಳೆಯ ಹೆಂಗಸು, ಕರುಳು ಮೆತ್ತಗೆ. ಹಳಿ ಹಿಡಿದು ಸುರಂಗದವರೆಗೆ ನಡೆದೆವು. ಕಳಿಸಲು ಹೋದವರು ಬಾಯಿಯಲ್ಲಿ ನಿಲ್ಲಬೇಕು, ಹೊರಟವರು ಒಬ್ಬರೇ ಒಳಗೆ ಹೋಗಬೇಕು. ವೇಣಿ ಒಳಗೆ ಹೋದಳು. ನಾನು ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನಾಚಿಕೆಯಿಂದ ನಗುತ್ತ ಅದೇ ಬಾಯಿಂದ ಹೊರಗೆ ಬಂದಳು.

"ಅಕ್ಕ, ಬೆಳಿಗ್ಗೆ ಖೈರಮ್ಮಂಗೆ ಹೇಳ್ಬಿಟ್ಟೆ ಕಣೆ. 'ನಿಮ್ ಕುಪ್ಪಸಕ್ಕೆ ಹುಕ್ ಒಂದ್ ಬಾಕಿ, ನಾಳೆ ಬರ್ತೀನಿ, ಹಾಕ್ಕೊಡ್ತೀನಿ' ಅಂದೆ."

ಟೈಲರುಗಳ ಬಾಯಲ್ಲಿ "ನಾಳೆ" ಬಿಟ್ಟು ಬೇರೇನು ಬರಲು ಸಾಧ್ಯ! ಬೈದುಕೊಳ್ಳುತ್ತಲೇ ಕರೆದುಕೊಂಡು ಬಂದೆ. ನಿಜ ಹೇಳಬೇಕೆಂದರೆ ಬರುವ ದಾರಿಯಲ್ಲಿ ಇಬ್ಬರೂ ನಕ್ಕೆವು. ಒಳಗೊಳಗೆ ನನಗೆ ಖುಷಿಯೂ ಆಗಿತ್ತು. ಆದರೆ ಆ ನಡಿಗೆಯ ದಣಿವಿನಿಂದ ಅವಳು ಹಾಸಿಗೆ ಹಿಡಿದು ಮತ್ತೆ ಏಳುವಷ್ಟರಲ್ಲಿ ಮಾವಿನ ಹೂವೆಲ್ಲ ಉದುರಿ ಮಿಡಿಯಾಗಿತ್ತು. ಆಮೇಲೆ ನಗು ಬರಲಿಲ್ಲ.

ಎರಡನೆಯ ಸಲ ಪದ್ಧತಿಯ ಪ್ರಕಾರವೇ ಹೊರಟೆವು. ಪದ್ಧತಿ ಎಂದರೆ, ಹಳಿ ಹತ್ತುವವರು ಬೆಳಿಗ್ಗೆ ಎದ್ದ ಕೂಡಲೇ ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಳ್ಳಬೇಕು. ಅದನ್ನು ಅಗಿಯಬಾರದು, ಉಗಿಯಬಾರದು. ಅಡಿಕೆ ನಾಲಿಗೆಯ ಮೇಲಿದೆ ಎಂಬ ಎಚ್ಚರ ಇದ್ದರೆ ಮಾತು ಜಾರುವುದಿಲ್ಲ. ವೇಣಿ ಖೈರಮ್ಮನಿಗೆ ತಲೆಯಾಡಿಸಿದಳು ಅಷ್ಟೆ. ಅವ್ವ ಮಲಗಿದ್ದಳು. ಅವಳ ಪಾದದ ಹತ್ತಿರ ಒಂದು ಗಳಿಗೆ ನಿಂತಿದ್ದು ಹೊರಗೆ ಬಂದಳು.

ಸ್ಟೇಷನ್ನು ದಾಟಿದ ಕೂಡಲೇ ಕಾಡು ಶುರುವಾಗುತ್ತದೆ. ಹೊರಗಿನ ಸಿಗ್ನಲ್ಲಿನ ಕಂಬಕ್ಕೆ ಬಳ್ಳಿ ಹಬ್ಬಿ, ಅದರ ಕೈ ಯಾವುದು ಎಲೆ ಯಾವುದು ತಿಳಿಯುವುದಿಲ್ಲ. ಹಳಿಯ ಎರಡೂ ಕಂಬಿಗಳ ನಡುವೆ ಮತ್ತಿ ಗಿಡಗಳು ಆಳೆತ್ತರ ಎದ್ದಿವೆ. ಕೆಲವು ಕಡೆ ಮರ ದಪ್ಪವಾಗಿ ಬೆಳೆದು ಕಂಬಿಯನ್ನೇ ನುಂಗಿದೆ. ಕಂಬಿ ಈ ಕಡೆಯಿಂದ ಮರದೊಳಗೆ ಹೋಗಿ ಆ ಕಡೆಯಿಂದ ಹೊರಗೆ ಬರುತ್ತದೆ. ಸ್ಲೀಪರ್ ಹಲಗೆಗಳು ಕೊಳೆತು ಅಣಬೆ ಹಿಡಿದಿವೆ. ಅವುಗಳ ಅಂತರ ಮನುಷ್ಯರ ಹೆಜ್ಜೆಗೆ ಹೊಂದುವುದೇ ಇಲ್ಲ. ಒಂದೊಂದನ್ನೇ ತುಳಿದರೆ ಕುಂಟಿದ ಹಾಗಾಗುತ್ತದೆ, ಬಿಟ್ಟು ಬಿಟ್ಟು ತುಳಿದರೆ ಹಾರಿದ ಹಾಗಾಗುತ್ತದೆ. ಆರೋಗ್ಯವಂತರಿಗೇ ತ್ರಾಸ, ವೇಣಿಗಂತೂ ಪ್ರತಿ ಹಲಗೆಯೂ ಒಂದು ಮೆಟ್ಟಿಲು. ಹಾಗಾಗಿ ಪಕ್ಕದ ಜಲ್ಲಿಯ ಮೇಲೆ ಅವಳ ತೋಳು ಹಿಡಿದು ನಡೆಸಿದೆ. ನುಸಿ ಕಣ್ಣಿಗೆ ಮುತ್ತುತ್ತಿದ್ದವು. ಆನೆ ಲದ್ದಿ ಹಸಿಯಾಗಿ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಹೆದರಿ ಓಡುತ್ತಿದ್ದೆ, ಅವತ್ತು ಅದನ್ನು ಬಳಸಿಕೊಂಡು ಮುಂದೆ ಹೋದೆ.

ನಡುದಾರಿಯಲ್ಲಿ ಗ್ಯಾಂಗ್‌ಮನ್ನುಗಳ ಗುಡಿಸಲಿನ ಗೋಡೆ ಉಳಿದಿದೆ. ಅಪ್ಪ ಇಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅಲ್ಲಿ ಕೂತು ವೇಣಿ ಉಸಿರು ತೆಗೆದುಕೊಳ್ಳುವುದನ್ನು ನೋಡುತ್ತ ಕೂತೆ. ಅವಳ ಕುತ್ತಿಗೆಯ ನರ ಹಾರುತ್ತಿತ್ತು. ತುಟಿ ನೇರಳೆಯಾಗಿತ್ತು. ಬಾಯಲ್ಲಿ ಅಡಿಕೆ ಇದ್ದುದರಿಂದ ಅವಳು ಕೈಸನ್ನೆಯಲ್ಲೇ ಮಾತಾಡುತ್ತಿದ್ದಳು. ನನ್ನ ಸೀರೆಯ ಅಂಚು ಹರಿದದ್ದನ್ನು ತೋರಿಸಿ, ಸೂಜಿ ಹಿಡಿದಂತೆ ಬೆರಳು ಮಾಡಿ, ಹೊಲಿದುಕೋ ಎಂದಳು. ಸಾಯುವಂಥ ಕಾಯಿಲೆ ಇಟ್ಟುಕೊಂಡು ಸೀರೆಯ ಅಂಚಿನ ಚಿಂತೆ! ಬೈಯೋಣ ಎಂದುಕೊಂಡೆ, ಬೈಯದೆ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಮೇಲೆ ಸೇತುವೆ. ಹಲಗೆಗಳು ಅಲ್ಲಲ್ಲಿ ಕಳಚಿ ಬಿದ್ದು, ಸಂದಿನಲ್ಲಿ ಕೆಳಗಿನ ಹೊಳೆ ಕಾಣುತ್ತಿತ್ತು. ಬೇಸಿಗೆಯಾದ್ದರಿಂದ ಬಂಡೆಗಳೇ ಹೆಚ್ಚು, ನೀರು ಕಡಿಮೆ. ಕಂಬಿಯನ್ನು ಹಿಡಿದುಕೊಂಡು, ಕೂತುಕೊಂಡೇ ಜರುಗುತ್ತ ದಾಟಿದೆವು. ಚಿಕ್ಕಂದಿನಲ್ಲಿ ಅಪ್ಪ ನಮ್ಮಿಬ್ಬರನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಇದನ್ನು ದಾಟಿಸಿದ್ದರಂತೆ, ಅವ್ವ ದಡದಲ್ಲಿ ನಿಂತು ಕೂಗಾಡಿದಳಂತೆ. ಅದನ್ನು ವೇಣಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಆ ಕಥೆ ಗೊತ್ತಿತ್ತು, ಆದರೂ ಮತ್ತೆ ಹೇಳು ಎನ್ನುವ ಹಾಗೆ ನೋಡಿದಳು. ಸುರಂಗ ಬರುವವರೆಗೂ ಇಂಥವನ್ನೇ ಹೇಳುತ್ತ ಹೋದೆ.

ಸುರಂಗದ ಬಾಯಿಯಲ್ಲಿ ತಂಪು ಗಾಳಿ, ಬಾವಲಿಗಳ ವಾಸನೆ. ವೇಣಿ ಅಡಿಕೆಯನ್ನು ಉಗಿದಳು. ಇಲ್ಲಿ ಮಾತ್ರ ಒಂದು ಮಾತು ಆಡಬೇಕು.

"ಹೋಗ್ತೀನಿ, ಅಕ್ಕ."

"ಹೋಗು," ಎಂದೆ. "ಹೋಗ್ಬಾ" ಎನ್ನದೆ ಬರೀ "ಹೋಗು" ಎನ್ನುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು. ನಾಯಿಯನ್ನು ಅಟ್ಟಿದ ಹಾಗೆ ಕೇಳುತ್ತದೆ.

ಅವಳು ಒಳಗೆ ಹೋದಳು. ಅವಳ ಚಪ್ಪಲಿಯ ಸದ್ದು ದೂರವಾಗಿ ನಿಂತಿತು. ನಾನು ದೇವರನ್ನು ಬೇಡಿಕೊಳ್ಳುತ್ತ ಕೂತೆ. ನೆರಳು ಸ್ವಲ್ಪ ಸರಿಯಿತು. ಮತ್ತೆ ಚಪ್ಪಲಿಯ ಸದ್ದು ಕೇಳಿಸಿತು, ಹತ್ತಿರವಾಗುತ್ತ ಬಂತು. ವೇಣಿ ಬೆಳಕಿಗೆ ಬಂದು, ನನ್ನನ್ನು ಕಂಡು, ನಿಂತಲ್ಲೇ ಕುಸಿದು ಕೂತಳು.

"ನಾನು ಯಾರಿಗೂ ಹೇಳಿಲ್ಲ ಅಕ್ಕ. ಅವ್ವನಾಣೆ ಯಾರಿಗೂ ಏನೂ ಅಂದಿಲ್ಲ."

"ಮನಸ್ಸಲ್ಲಿ ಅಂದ್ಕೊಂಡಿರ್ತೀಯ!"

"ಮನಸ್ಸಲ್ಲಿ ಅಂದ್ಕೊಳ್ದೆ ಯಾರಾದ್ರೂ ಹೋಗ್ತಾರಾ? ಹಂಗಿದ್ರೆ ಈ ಊರಿಂದ ಒಬ್ಬರೂ ಹೋಗ್ತಿರ್ಲಿಲ್ಲ."

ಅದೂ ನಿಜವೇ. ಬರುವಾಗ ಸೇತುವೆಯ ಮೇಲೆ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದೆ. ಗುಡಿಸಲಿನಿಂದ ಈಚೆಗೆ ಬೆನ್ನ ಮೇಲೆ ಹೊತ್ತೆ. ಹಗುರಾಗಿದ್ದಳು. ಅಷ್ಟು ಹಗುರಾಗಿದ್ದುದು ನನಗೆ ಹೆದರಿಕೆ ಹುಟ್ಟಿಸಿತು.

ಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಅವ್ವನ ದನಿ ಕೇಳಿಸಿತು. "ವೇಣಿ ಎಲ್ಲಿ? ಇನ್ನೂ ಬರ್ಲಿಲ್ವಲ್ಲ ಮಗ?" ಅದಕ್ಕೆ ಖೈರಮ್ಮ ಮಗುವನ್ನು ರಮಿಸುವ ಹಾಗೆ, "ಬರ್ತಾಳೆ ಅವ್ವ, ಬರ್ತಾಳೆ. ಇಲ್ಲೇ ಹೋಗವ್ಳೆ, ಈಗ ಬರ್ತಾಳೆ," ಎಂದಳು.

ವೇಣಿ ನನ್ನ ಬೆನ್ನ ಮೇಲಿದ್ದವಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನಮ್ಮೂರಲ್ಲಿ ಇದು ಮೊದಲೇ ಆಗಿತ್ತು, ನಾವೇ ಮರೆತಿದ್ದೆವು. ರೈಲಿಗೆ ಹಳಿ ಬದಲಿಸುತ್ತಿದ್ದ ಪಾಯಿಂಟ್ಸ್‌ಮನ್ ಜವರಯ್ಯ ಸರಿಯಾಗಿ "ಹೋಗ್ತೀನಿ" ಎಂದೇ ಹೋಗಿ, ಆಚೆ ಊರಲ್ಲಿ ಕೆಲಸ ಹಿಡಿದು ಸುಖವಾಗಿದ್ದನಂತೆ. ಎಷ್ಟೋ ಕಾಲದ ಮೇಲೆ ಅವನ ಹೆಂಡತಿ, ಅಳುತ್ತಿದ್ದ ಮಗುವನ್ನು ಮಲಗಿಸಲಾರದೆ, "ಅಪ್ಪ ಬರ್ತಾರೆ, ಮಲಗು" ಎಂದುಬಿಟ್ಟಳು. ಬೆಳಿಗ್ಗೆ ಸೌದೆಗೆ ಹೋದವರು ನೋಡುತ್ತಾರೆ, ಸುರಂಗದ ಬಾಯಿಯಲ್ಲಿ ಜವರಯ್ಯ ಬರಿಗಾಲಲ್ಲಿ ನಿಂತಿದ್ದಾನೆ, ಅರ್ಧ ಮುಖಕ್ಕೆ ಸೋಪಿನ ನೊರೆ, ಕೈಯಲ್ಲಿ ಕ್ಷೌರದ ಕತ್ತಿ. ಇವತ್ತಿಗೂ ಅವನು ಹೆಂಡತಿಯ ಜೊತೆ ಮಾತಾಡುವುದಿಲ್ಲ. ಅವಳು ದಿನಾ ಬಡಿಸುತ್ತಾಳೆ, ಅವನು ಉಂಡು ಏಳುತ್ತಾನೆ. ಹೋಗುವವರ ಮಾತು ಒಂದೇ ಅಲ್ಲ, ಕಾಯುವವರಿಗೆ ಯಾರು ಮಾತು ಕೊಟ್ಟರೂ ಹಳಿಗೆ ಅದು ಮಾತೇ.

ನಾನು ಖೈರಮ್ಮನ ಮೇಲೆ ಕೂಗಾಡಿದೆ. ಅವಳು ಹೆದರಿ ಗೋಡೆಗೆ ಒರಗಿದಳು.

"ಇನ್ನೇನು ಹೇಳ್ಲಿ ಗಂಗಮ್ಮ? ಘಳಿಗೆಗೊಂದ್ಸಲ ಕೇಳ್ತಾರೆ. ಆ ಮುಖ ನೋಡ್ಕಂಡು ಬರಲ್ಲ ಅಂತ ಹೆಂಗೆ ಹೇಳ್ಲಿ? ನಿಮ್ ಬಾಯಲ್ಲಾದ್ರೂ ಬರುತ್ತಾ ಆ ಮಾತು?"

ಅವ್ವ ಅಷ್ಟರಲ್ಲಿ ವೇಣಿಯನ್ನು ಹತ್ತಿರ ಕರೆದು ಕೂರಿಸಿಕೊಂಡು ಅವಳ ಊದಿದ ಕಾಲನ್ನು ಒತ್ತುತ್ತಿದ್ದಳು. "ಎಷ್ಟು ದೂರ ಹೋಗಿದ್ಯೇ ತಾಯಿ," ಎನ್ನುತ್ತಿದ್ದಳು.

ಮರುದಿನ ವೇಣಿ ಮಿಷನ್ನಿಗೆ ಬಟ್ಟೆ ಹೊದಿಸುತ್ತ, "ನಾನು ಹೋಗಲ್ಲ ಬಿಡಕ್ಕ," ಎಂದಳು.

"ಸಾಯ್ತೀಯ."

"ಸತ್ರೆ ಇಲ್ಲೇ ಸಾಯ್ತೀನಿ. ಅವ್ವಂಗೆ ನೀನು ಒಂದ್ಸಲ ಹೇಳಿದ್ರೆ ಆಯ್ತು ಅಂದ್ಕೊಂಡಿದೀಯಾ? ಅವ್ವ ಮರೀತಾಳೆ. ಸಂಜೆಗೆ ಮತ್ತೆ ಕೇಳ್ತಾಳೆ. ದಿನಾ ಹೊಸದಾಗಿ ಹೇಳ್ಬೇಕು, ಅವಳು ದಿನಾ ಹೊಸದಾಗಿ ಅಳ್ತಾಳೆ. ಒಂದೇ ಒಂದು ದಿನ ನೀನು ಕರಗಿದ್ರೂ ನಾನು ಎಲ್ಲಿದ್ರೂ, ಆಪರೇಷನ್ ಟೇಬಲ್ ಮೇಲಿದ್ರೂ, ಎದ್ದು ಬಂದು ಆ ಸುರಂಗದ ಬಾಯಲ್ಲಿ ಬಿದ್ದಿರ್ತೀನಿ. ನಿನ್ ಕೈಲಿ ಆಗುತ್ತಾ?"

"ಆಗುತ್ತೆ," ಎಂದೆ. ನನ್ನನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಾರೆ. ಆ ಹೆಸರನ್ನು ಅವತ್ತು ನಾನೇ ನಂಬಿದೆ.

ಮೂರನೆಯ ಸಲ ನಾನು ಜೊತೆಗೆ ಹೋಗುವಂತಿರಲಿಲ್ಲ. ಅವ್ವನ ಹತ್ತಿರ ಕೂತು ಉತ್ತರ ಕೊಡುವುದು ನನ್ನ ಪಾಲಿನ ಕೆಲಸ. ವೇಣಿಯನ್ನು ನಡೆಸಿಕೊಂಡು ಹೋಗಲು ಖೈರಮ್ಮ ಒಪ್ಪಿದಳು. ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತೇನೆ ಎಂದಳು. ವೇಣಿ ಈಗ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರಳು. ಇದೇ ಕೊನೆಯ ಸಲ ಎಂದು ಎಲ್ಲರಿಗೂ ಗೊತ್ತಿತ್ತು. ಸಿಗ್ನಲ್ಲಿನ ಕಂಬದವರೆಗೆ ಮಾತ್ರ ನಾನು ಹೋದೆ. ಬಾಯಲ್ಲಿ ಅಡಿಕೆ ಇದ್ದುದರಿಂದ ಅವಳು ಮಾತಾಡಲಿಲ್ಲ. ಅವಳು ನನ್ನ ಸೀರೆಯ ಅಂಚನ್ನು ಎತ್ತಿ ನೋಡಿದಳು. ಹೊಲಿದಿರಲಿಲ್ಲ. ಹಣೆ ಚಚ್ಚಿಕೊಂಡು, ಖೈರಮ್ಮನ ತೋಳು ಹಿಡಿದು, ಗಿಡಗಳ ನಡುವೆ ನಡೆದು ಹೋದಳು. ಕಾಣುವಷ್ಟು ದೂರವೂ ನಿಂತು ನೋಡಲಾಗಲಿಲ್ಲ. ಅವ್ವ ಏಳುವ ಹೊತ್ತಾಗಿತ್ತು.

ಅವ್ವ ಎದ್ದಳು. ಮುಖ ತೊಳೆಸಿ ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟ ಕೂಡಲೇ, "ವೇಣಿ ಎಲ್ಲಿ?" ಎಂದಳು.

"ಹೋದ್ಲು ಅವ್ವ."

"ಬರ್ತಾಳಾ?"

"ಬರಲ್ಲ."

ಅವ್ವ ಅರ್ಥವಾಗದೆ ನನ್ನನ್ನು ನೋಡಿದಳು. ಆಮೇಲೆ ಅವಳ ಮುಖ ನಿಧಾನವಾಗಿ ಮುರಿಯಿತು. ಹೋದಳು ಎಂದರೆ ನಮ್ಮ ಮಾತಿನಲ್ಲಿ ಸತ್ತಳು ಎಂದೂ ಅರ್ಥ. ಅವ್ವನಿಗೆ ಅದೇ ಕೇಳಿಸಿತು. "ಯಾವಾಗ ಹೋದ್ಲೇ? ನಂಗ್ಯಾಕೆ ಹೇಳ್ಲಿಲ್ಲ? ಮುಖನಾದ್ರೂ ತೋರಿಸ್ಬಾರ್ದಿತ್ತಾ?" ಎಂದು ಎದೆ ಬಡಿದುಕೊಂಡು ಅತ್ತಳು. ಸತ್ತಿಲ್ಲ ಅವ್ವ, ಬದುಕಲಿಕ್ಕೆ ಹೋಗಿದ್ದಾಳೆ ಎಂದು ಬಿಡಿಸಿ ಹೇಳಿದೆ. ಬದುಕಿರುವ ಮಗಳು ಯಾಕೆ ಬರುವುದಿಲ್ಲ ಎಂದು ಅವಳು ಕೇಳಿದಳು. ಊಟದ ಹೊತ್ತಿಗೆ ಅತ್ತದ್ದನ್ನೂ ಮರೆತಳು. ಎರಡು ತುತ್ತು ತಿಂದು ತಲೆಯೆತ್ತಿ, "ವೇಣಿ ಊಟಕ್ಕೆ ಬರ್ಲಿಲ್ವಾ?" ಎಂದಳು. ಮತ್ತೆ ಹೇಳಿದೆ. ಮತ್ತೆ ಅತ್ತಳು, ಮೊದಲ ಸಲ ಕೇಳಿದ ಹಾಗೇ.

ಸಂಜೆ ಖೈರಮ್ಮ ಒಬ್ಬಳೇ ಬಂದಳು. ಜಗಲಿಯ ಮೇಲೆ ಕೂತು ನೀರು ಕುಡಿದಳು.

"ಬಿಸಿಲು ಇಳಿಯೋ ತನಕ ಕಾದೆ ಗಂಗಮ್ಮ. ಹೊರಗೆ ಬರ್ಲಿಲ್ಲ," ಎಂದಳು.

ಅಬ್ಬ ಎಂದುಕೊಂಡೆ. ಗೆದ್ದೆವು ಎನಿಸಿತು. ಗೋಡೆಯ ಕಡೆ ತಿರುಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವತ್ತು ಅತ್ತದ್ದೇ ಕೊನೆ. ಆಮೇಲೆ ನನಗೆ ಅಳುವುದಕ್ಕೆ ಬಿಡುವಾಗಲಿಲ್ಲ, ಅವ್ವನನ್ನು ಸಮಾಧಾನ ಮಾಡುವುದೇ ಆಯಿತು.

ಆಚೆಯಿಂದ ಸುದ್ದಿ ಬರುವುದಿಲ್ಲ. ಆಪರೇಷನ್ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗಿದೆ ಎಂದುಕೊಂಡೇ ನಡೆಯುತ್ತೇನೆ. ಮಾತ್ರೆ ನುಂಗುತ್ತಿದ್ದಾಳೆ, ಎಲ್ಲೋ ಒಂದು ಮಿಷನ್ನು ಹಾಕಿಕೊಂಡಿದ್ದಾಳೆ, ಯಾರಿಗೋ "ನಾಳೆ ಬನ್ನಿ" ಎನ್ನುತ್ತಿದ್ದಾಳೆ ಎಂದುಕೊಳ್ಳುತ್ತೇನೆ. ಪ್ಲಾಟ್‌ಫಾರಮ್ಮಿನಲ್ಲಿ ಕೂತವರು ನನ್ನನ್ನು ಕಲ್ಲೆದೆಯವಳು ಎಂದು ಆಡಿಕೊಳ್ಳುವುದು ಕಿವಿಗೆ ಬಿದ್ದಿದೆ. ಮುದಿ ತಾಯಿಯನ್ನು ದಿನಾ ಅಳಿಸುತ್ತಾಳೆ ಎನ್ನುತ್ತಾರೆ. ಆಡಿಕೊಳ್ಳಲಿ. ಖೈರಮ್ಮನನ್ನು ಈಗ ಅವ್ವನ ಹತ್ತಿರ ಒಬ್ಬಳನ್ನೇ ಬಿಡುವುದಿಲ್ಲ. ಯಾರನ್ನೂ ಬಿಡುವುದಿಲ್ಲ. ಕ್ಯಾಂಟೀನಿಗೆ ಹೋಗುವಾಗ ಅವ್ವನನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಒಲೆಯ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಅವಳು ಕೇಳುತ್ತಾಳೆ, ನಾನು ಟೀ ಸೋಸುತ್ತ ಹೇಳುತ್ತೇನೆ, ಅವಳು ಅಳುತ್ತಾಳೆ, ಗಿರಾಕಿಗಳು ಲೋಟ ಹಿಡಿದುಕೊಂಡು ಬೇರೆ ಕಡೆ ನೋಡುತ್ತಾರೆ.

ನಿನ್ನೆ ಅವ್ವನಿಗೆ ಜ್ವರ ಬಂದಿತ್ತು. ಡಾಕ್ಟರು ನೋಡಿ ಹೋದರು. ವಯಸ್ಸಾಗಿದೆ, ನೋಡೋಣ ಎಂದರು. ನಾನು ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದೆ. ಅವಳು ಕಣ್ಣು ಬಿಟ್ಟು, "ವೇಣಿ ಬರ್ತಾಳಾ?" ಎಂದಳು. ಆ ಹೊತ್ತಿನಲ್ಲಿ ಬರಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನಿದ್ದರೆ ನಿದ್ದೆ ಹೋದಾಳು ಎಂದುಕೊಂಡೆ. ಅವಳು ನಿದ್ದೆ ಹೋಗಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು, ಯಾರೆಂದು ಅವಳಿಗೆ ಗುರುತು ಸಿಗಲಿಲ್ಲ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನು ಯಾರೋ ಏನೋ ತಾಯಿ, ನಿನ್ ಮಕ್ಕಳು ಚೆನ್ನಾಗಿರ್ಲಿ. ಸುಳ್ಳಾದ್ರೂ ಸರಿ, ಒಂದೇ ಒಂದ್ಸಲ ಬರ್ತಾಳೆ ಅನ್ನು."

"ಬರಲ್ಲ, ಅವ್ವ," ಎಂದೆ.